ಟ್ರಿನಿಡಾಡಿನ ದಾಲ್‌ಪುರಿ: ಹಬ್ಬದ ತಟ್ಟೆಯಿಂದ ಬೀದಿಯ ಊಟಕ್ಕೆ

ಕೆರೀಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ ಗೋಧಿಯ ಹೊಲಗಳಿಲ್ಲ. ಬೇಳೆ ತುಂಬಿ ಲಟ್ಟಿಸುವ ದಾಲ್‌ಪುರಿ ಎಂಬ ರೊಟ್ಟಿಯ ಹೂರಣಕ್ಕೆ ಬೇಕಾದ ಹಳದಿ ಬಟಾಣಿ ಬೇಳೆಯೂ ಅಲ್ಲಿಗೆ ಹಡಗಿನಲ್ಲೇ ಬರಬೇಕು. ಈ ರೊಟ್ಟಿಯನ್ನು ಅಲ್ಲಿಗೆ ಒಯ್ದ ಉತ್ತರ ಭಾರತದ ಕೂಲಿಗಳ ಭೋಜಪುರಿ ಭಾಷೆ ಇಂದು ಮದುವೆಯ ಹಾಡುಗಳಲ್ಲಿ, ಅಡುಗೆಮನೆಯ ಪದಗಳಲ್ಲಿ, ತೀರಾ ವಯಸ್ಸಾದ ಕೆಲವರ ಬಾಯಲ್ಲಿ ಮಾತ್ರ ಉಳಿದಿದೆ. ಅವರನ್ನು ಯಾವ ಕಬ್ಬಿನ ತೋಟಗಳಿಗೆಂದು ಕರೆದೊಯ್ದರೋ ಆ ಸಕ್ಕರೆ ಉದ್ಯಮವೂ ಮುಗಿದಿದೆ. 2003ರಲ್ಲಿ ಅಲ್ಲಿನ ಸರ್ಕಾರ ತನ್ನ ಕರೋನಿ ಸಕ್ಕರೆ ಕಂಪನಿಯನ್ನು ಮುಚ್ಚಿದಾಗ 9,000ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಇಷ್ಟೆಲ್ಲ ಕಳಚಿಕೊಂಡ ಮೇಲೂ ದಾಲ್‌ಪುರಿ ಉಳಿದಿದೆ, ಭಾರತದ ಜೊತೆ ಯಾವ ರಕ್ತಸಂಬಂಧವೂ ಇಲ್ಲದವರ ಮಧ್ಯಾಹ್ನದ ಊಟವೂ ಆಗಿದೆ. ಇದು ಹೇಗಾಯಿತು ಎಂಬುದನ್ನು ನೋಡುವುದೇ ಈ ಅಧ್ಯಯನದ ಉದ್ದೇಶ.

ವಲಸಿಗರ ಅಡುಗೆಯನ್ನು ಕುರಿತ ಬರಹಗಳಲ್ಲಿ ಎರಡು ಮಾತು ಪದೇ ಪದೇ ಬರುತ್ತವೆ. ಒಂದು, ಅವರು ಸಂಪ್ರದಾಯವನ್ನು ಜೋಪಾನ ಮಾಡಿದರು ಎಂಬುದು. ಇನ್ನೊಂದು, ಹೊಸ ನೆಲದಲ್ಲಿ ಎಲ್ಲವೂ ಬೆರೆತು ಹೊಸ ರುಚಿ ಹುಟ್ಟಿತು ಎಂಬುದು. ದಾಲ್‌ಪುರಿಯ ವಿಷಯದಲ್ಲಿ ಎರಡೂ ನನಗೆ ಒಪ್ಪಿಗೆಯಾಗುವುದಿಲ್ಲ. ಬೇಳೆ ಬದಲಾಯಿತು, ಉಣ್ಣುವ ಸಂದರ್ಭ ಬದಲಾಯಿತು, ಜೊತೆಗಿಡುವ ಪಲ್ಯ ಬದಲಾಯಿತು, ಕೊನೆಗೆ ಆಕಾರವೇ ಬದಲಾಯಿತು. ಹಾಗಾಗಿ ಸಂಪ್ರದಾಯ ಹಾಗೆಯೇ ಉಳಿಯಿತು ಎನ್ನುವಂತಿಲ್ಲ. ಆದರೆ ಬೇಯಿಸುವ, ತುಂಬುವ, ಲಟ್ಟಿಸುವ ಕ್ರಮದಲ್ಲಿ ಅವರು ಎಳ್ಳಷ್ಟೂ ಸಡಿಲ ಬಿಡಲಿಲ್ಲ. ಆ ಕ್ರಮವನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸಿದ್ದು ಹೆಂಗಸರ ಕೈ. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದು, ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುವುದೂ ಅದೇ.

ಹಡಗು ಮತ್ತು ಒಲೆ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದದ್ದು 1834ರಲ್ಲಿ. ಅದರ ಬೆನ್ನಿಗೇ ಹೇರಿದ್ದ ಕಡ್ಡಾಯ ದುಡಿಮೆಯೂ 1838ರಲ್ಲಿ ಕೊನೆಗೊಂಡಿತು. ಬಿಡುಗಡೆಯಾದವರು ಹಳೆಯ ಕೂಲಿಗೆ ಹಳೆಯ ತೋಟದಲ್ಲೇ ದುಡಿಯಲು ಒಪ್ಪಲಿಲ್ಲ. ತೋಟದ ಮಾಲೀಕರಿಗೆ ಅಗ್ಗದ ಆಳುಗಳು ಬೇಕಾದರು. 1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಕಲ್ಕತ್ತಾದಿಂದ ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಟ್ರಿನಿಡಾಡ್ ತಲುಪಿತು. 1917ರವರೆಗೆ ಹೀಗೆ ಬಂದಿಳಿದವರು ಸುಮಾರು 1,44,000 ಮಂದಿ. ಒಂದಿಷ್ಟು ಹಡಗುಗಳು ಮದರಾಸಿನಿಂದಲೂ ಹೊರಟವು. ಆದರೆ ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರಗಳ ಬಸ್ತಿ, ಗೋಂಡಾ, ಆಜಂಗಢ, ಗಾಜಿಪುರ, ಶಾಹಾಬಾದ್, ಸಾರಣ್ ಕಡೆಯವರು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿದವರು.

ಹಡಗು ಹತ್ತಿದವರಲ್ಲಿ ಹೆಂಗಸರು ಕಡಿಮೆ. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಇರಬೇಕು ಎಂದು ಸರ್ಕಾರವೇ ನಿಯಮ ಮಾಡಬೇಕಾಯಿತು. ಹಾಗೆ ಬಂದ ಹೆಂಗಸರು ಅಡುಗೆಗೆಂದು ಬಂದವರಲ್ಲ. ಅವರೂ ಕರಾರಿನ ಕೂಲಿಗಳೇ, ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವುದರಿಂದ ಹಿಡಿದು ಗೊಬ್ಬರ ಹಾಕುವವರೆಗೆ ದುಡಿದವರು. ಬ್ಯಾರಕ್ಕಿನ ಸಾಲುಕೋಣೆಗಳ ಹೊರಗೆ ಮಣ್ಣಿನ ಒಲೆ ಹೂಡಿ, ಕತ್ತಲಿರುವಾಗಲೇ ಎದ್ದು ರೊಟ್ಟಿ ಸುಟ್ಟು, ಬುತ್ತಿ ಕಟ್ಟಿ, ಆಮೇಲೆ ಗದ್ದೆಗೆ ನಡೆಯುತ್ತಿದ್ದರು. ಆ ಬೆಳಗಿನ ರೊಟ್ಟಿಗೆ ಅಲ್ಲಿ ಇಂದಿಗೂ ಸಾದಾ ರೊಟ್ಟಿ ಎಂದೇ ಹೆಸರು. ಬದನೆಕಾಯಿಯನ್ನೋ ಟೊಮೆಟೊವನ್ನೋ ಸುಟ್ಟು ಹಿಸುಕಿ ಮಾಡಿದ ಚೋಖಾ ಅದರ ಜೊತೆಗೆ. ಕಾವಲಿಗೆ ತವಾ, ಲಟ್ಟಣಿಗೆಗೆ ಬೇಲನಾ, ಒಲೆಗೆ ಚೂಲ್ಹಾ, ಹಿಟ್ಟಿನ ಉಂಡೆಗೆ ಲೋಯಾ, ಮಗುಚುವ ಮರದ ಪಟ್ಟಿಗೆ ದಬ್ಲಾ: ಮಾತು ಪೂರ್ತಿ ಇಂಗ್ಲಿಷಿಗೆ ಹೊರಳಿದ ಮನೆಗಳಲ್ಲೂ ಈ ಪದಗಳು ಬದಲಾಗಿಲ್ಲ.

ದಾಲ್‌ಪುರಿ ದಿನದ ರೊಟ್ಟಿಯಾಗಿರಲಿಲ್ಲ. ಬಿಹಾರದ ಹಳ್ಳಿಗಳಲ್ಲಿ ಅದು ಹಬ್ಬಕ್ಕೆ, ನೆಂಟರು ಬಂದಾಗ, ಮುಖ್ಯವಾಗಿ ಆರಿದ್ರಾ ಮಳೆ ಹಿಡಿದಾಗ ಮಾಡುವ ಅಡುಗೆ. ನಮ್ಮ ರೈತರು ಮಳೆ ನಕ್ಷತ್ರಗಳನ್ನು ಎಣಿಸುವಂತೆಯೇ ಅವರೂ ಎಣಿಸುತ್ತಾರೆ. ಅವರ ಅದ್ರಾ ನಕ್ಷತ್ರಕ್ಕೆ ದಾಲ್‌ಪುರಿ, ಖೀರು, ಮಾವಿನಹಣ್ಣು ಸೇರಿ ಒಂದು ಊಟ. ಹೂರಣಕ್ಕೆ ಕಡಲೆಬೇಳೆ. ಕರಾರಿನ ಕೂಲಿಗೆ ಪಡಿತರವೆಂದು ಅಕ್ಕಿ, ಬೇಳೆ, ಎಣ್ಣೆ, ಉಪ್ಪು ಅಳೆದು ಕೊಡುತ್ತಿದ್ದ ತೋಟದ ಬದುಕಿನಲ್ಲಿ, ಹೂರಣ ತುಂಬಿ ಲಟ್ಟಿಸುವಷ್ಟು ಹೊತ್ತು ಸಿಗುವುದೇ ದೊಡ್ಡ ಮಾತು. ಹಾಗಾಗಿ ದಾಲ್‌ಪುರಿ ಬಹಳ ಕಾಲ ಪೂಜೆಗೆ, ಮದುವೆಗೆ, ಹಬ್ಬಕ್ಕೆ ಮೀಸಲಾಗಿಯೇ ಉಳಿಯಿತು.

ಬೇಳೆ ಬದಲಾದಾಗ

ಮೊದಲ ಬದಲಾವಣೆ ಹೂರಣದಲ್ಲಿ ಆಯಿತು. ಕಡಲೆಬೇಳೆಯ ಜಾಗಕ್ಕೆ ಹಳದಿ ಬಟಾಣಿ ಬೇಳೆ ಬಂದಿತು. ಕೆರೀಬಿಯನ್ ದ್ವೀಪಗಳಲ್ಲಿ ಅಗ್ಗವಾಗಿ, ವರ್ಷವಿಡೀ ಸಿಗುತ್ತಿದ್ದ ಬೇಳೆ ಅದು. ಇಂದು ಅಲ್ಲಿ ದಾಲ್ ಎಂದರೆ ಮೊದಲು ನೆನಪಾಗುವುದೇ ಈ ಬಟಾಣಿ ಬೇಳೆ. ಬಡತನದ ರಾಜಿ ಎಂದು ಇದನ್ನು ಬದಿಗೆ ಸರಿಸುವವರಿದ್ದಾರೆ. ಕೈಯಾರೆ ಮಾಡುವವರ ದೃಷ್ಟಿಯಿಂದ ನೋಡಿದರೆ ಇದು ಅಷ್ಟು ಸಣ್ಣ ವಿಷಯವಲ್ಲ, ಏಕೆಂದರೆ ಎರಡು ಬೇಳೆಗಳ ನಡತೆ ಬೇರೆ ಬೇರೆ. ಕಡಲೆಬೇಳೆ ಗಟ್ಟಿ, ತನ್ನೊಳಗೆ ಜಿಡ್ಡು ಇಟ್ಟುಕೊಂಡಿರುವ ಕಾಳು, ನಿಧಾನವಾಗಿ ಬೇಯುತ್ತದೆ. ಬಟಾಣಿ ಬೇಳೆಯಲ್ಲಿ ಜಿಡ್ಡು ಕಡಿಮೆ. ಅದು ಬೇಗ ಬೇಯುತ್ತದೆ, ಒಂದೆರಡು ನಿಮಿಷ ಮೈಮರೆತರೆ ಕರಗಿ ಗಂಜಿಯಾಗುತ್ತದೆ. ಗಂಜಿಯಾದರೆ ದಾಲ್‌ಪುರಿ ಆಗುವುದಿಲ್ಲ, ಸಾರು ಮಾಡಿಕೊಳ್ಳಬೇಕು.

ಹೋಳಿಗೆ ಮಾಡಿ ಗೊತ್ತಿರುವವರಿಗೆ ಇಲ್ಲಿನ ಕಷ್ಟ ತಕ್ಷಣ ಅರ್ಥವಾಗುತ್ತದೆ. ನಮ್ಮ ಹೂರಣವನ್ನು ಬೆಲ್ಲ ಹಿಡಿದಿಡುತ್ತದೆ. ಉಂಡೆ ಕಟ್ಟಿದರೆ ನಿಲ್ಲುತ್ತದೆ, ಕಣಕದೊಳಗೆ ಒಂದೇ ಮುದ್ದೆಯಾಗಿ ಹರಡುತ್ತದೆ. ದಾಲ್‌ಪುರಿಯ ಹೂರಣ ಉಪ್ಪಿನದು, ಪುಡಿಪುಡಿಯಾದದ್ದು. ಹಿಡಿದಿಡುವ ಅಂಟು ಅದರಲ್ಲಿಲ್ಲ. ಆ ಒಣ ಪುಡಿಯನ್ನು ಮೆತ್ತನೆಯ ಹಿಟ್ಟಿನೊಳಗೆ ಮುಚ್ಚಿ, ದೊಡ್ಡ ತಟ್ಟೆಯಷ್ಟು ಅಗಲಕ್ಕೆ, ಬಟ್ಟೆಯಷ್ಟು ತೆಳ್ಳಗೆ ಲಟ್ಟಿಸಬೇಕು. ಎಲ್ಲೂ ಹರಿಯಬಾರದು, ಬೇಳೆ ಒಂದು ಮೂಲೆಗೆ ಸರಿದು ಗುಡ್ಡೆಯಾಗಬಾರದು.

ಅವರು ಮಾಡುವ ಬಗೆ ಹೀಗಿದೆ. ಬೇಳೆಯನ್ನು ಅರಿಸಿನ, ಉಪ್ಪು ಹಾಕಿ ಬೇಯಿಸುತ್ತಾರೆ. ಬೆರಳುಗಳ ನಡುವೆ ಒತ್ತಿದರೆ ಮುರಿಯಬೇಕು, ನುಣ್ಣಗಾಗಬಾರದು. ಆ ಹದಕ್ಕೆ ಬಂದ ಕೂಡಲೇ ನೀರು ಬಸಿದು, ಹರಡಿ, ಪಸೆ ಆರಲು ಬಿಡುತ್ತಾರೆ. ಆಮೇಲೆ ಬೆಳ್ಳುಳ್ಳಿ, ಖಾರದ ಮೆಣಸಿನಕಾಯಿ ಸೇರಿಸಿ ಗಿರಣಿಗೆ ಹಾಕುತ್ತಾರೆ. ಹಿಂದೆ ಇದೆಲ್ಲ ಕಲ್ಲಿನಲ್ಲಿ ಅರೆಯುವ ಕೆಲಸ. ಕೊನೆಗೆ ಹುರಿದು ಪುಡಿ ಮಾಡಿದ ಜೀರಿಗೆ ಧಾರಾಳವಾಗಿ. ಟ್ರಿನಿಡಾಡಿನ ದಾಲ್‌ಪುರಿಯ ಘಮವೆಂದರೆ ಬಹುಪಾಲು ಈ ಜೀರಿಗೆಯದೇ. ಹಿಟ್ಟು ಮೈದಾ. ಅದಕ್ಕೆ ಚೂರು ಬೇಕಿಂಗ್ ಪೌಡರ್ ಸೇರುತ್ತದೆ, ಇದು ದ್ವೀಪದಲ್ಲಿ ಬಂದ ಅಭ್ಯಾಸ. ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ ನೆನೆಯಲು ಬಿಡಬೇಕು. ಉಂಡೆ ಮಾಡಿ, ಬಟ್ಟಲಿನಂತೆ ಹಳ್ಳ ಮಾಡಿ, ಪುಡಿಯನ್ನು ಒತ್ತಿ ತುಂಬಿ, ಬಾಯಿ ಕೂಡಿಸಿ, ಕೂಡಿಸಿದ ಬದಿಯನ್ನು ಕೆಳಗಿಟ್ಟು ಮತ್ತೆ ಸ್ವಲ್ಪ ಹೊತ್ತು ಬಿಡಬೇಕು. ಈ ಎರಡನೆಯ ಬಿಡುವನ್ನು ಕಲಿಯುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹರಿಯುವುದೂ ಅದರಿಂದಲೇ. ನಾದಿದ ಮೈದಾ ಬಿಗಿದುಕೊಂಡಿರುತ್ತದೆ. ಬಿಗಿ ಇಳಿಯುವ ಮೊದಲೇ ಲಟ್ಟಣಿಗೆ ಓಡಿಸಿದರೆ ಹಿಟ್ಟು ಹಿಂದಕ್ಕೆ ಎಳೆಯುತ್ತದೆ, ಬೇಳೆ ಮುಂದಕ್ಕೆ ನುಗ್ಗುತ್ತದೆ.

ಕಾದ ತವಾದ ಮೇಲೆ ಹಾಕಿ, ಸಣ್ಣ ಗುಳ್ಳೆ ಎದ್ದಾಗ ಮಗುಚಿ, ಎರಡೂ ಬದಿಗೆ ಎಣ್ಣೆ ಸವರಿದರೆ ರೊಟ್ಟಿ ಉಬ್ಬುತ್ತದೆ. ಉಬ್ಬಿದ ಆ ಗಳಿಗೆಯಲ್ಲಿ ಎರಡು ಪದರ ಬೇರೆಯಾಗಿ, ನಡುವಿನ ಬೇಳೆಪುಡಿ ಹಬೆಯಲ್ಲಿ ಬಿಡಿಬಿಡಿಯಾಗುತ್ತದೆ. ಕಂದು ಕಲೆ ಬೀಳುವ ತನಕ ಬಿಡಬಾರದು. ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟರೆ ತನ್ನದೇ ಹಬೆಯಲ್ಲಿ ಮೆತ್ತಗಾಗುತ್ತದೆ. ಹೊರಟ ಊರಿನಲ್ಲಿ ಕಡಲೆಬೇಳೆಗೆ ಇದ್ದ ಪಾಕವನ್ನು ಬಟಾಣಿ ಬೇಳೆಗೆ ಒಪ್ಪಿಸಲು ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ಬಾರಿ ಮಾಡಿ ನೋಡಿರಬೇಕು! ಆ ಕೆಲಸ ಮಾಡಿದವರ ಹೆಸರು ಯಾವ ದಫ್ತರದಲ್ಲೂ ಇಲ್ಲ. ಹಡಗಿನ ಪಟ್ಟಿಯಲ್ಲಿ ಅವರ ಜಾತಿ, ಊರು, ಎತ್ತರ, ಮೈಮೇಲಿನ ಗುರುತುಗಳಿವೆ. ಕೈಗೆ ಏನು ಬರುತ್ತಿತ್ತು ಎಂಬುದನ್ನು ಬರೆದುಕೊಂಡವರಿಲ್ಲ.

ಬುತ್ತಿಯ ನಾಚಿಕೆ, ಅಂಗಡಿಯ ರೊಟ್ಟಿ

1869ರಿಂದ ಊರಿಗೆ ಮರಳುವ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಸರ್ಕಾರ ಜಮೀನು ಕೊಡತೊಡಗಿತು. ಬ್ಯಾರಕ್ಕುಗಳಿಂದ ಹೊರಬಂದ ಜನ ಹಳ್ಳಿ ಕಟ್ಟಿಕೊಂಡರು, ಭತ್ತ ಬೆಳೆದರು, ತರಕಾರಿ ಹಾಕಿದರು. ಆದರೆ ಪೇಟೆಗೂ ಶಾಲೆಗೂ ಕಾಲಿಟ್ಟಾಗ ಅವರ ರೊಟ್ಟಿಗೆ ಮರ್ಯಾದೆ ಇರಲಿಲ್ಲ. ಅದು ಕೂಲಿಗಳ ತಿಂಡಿ. ಬ್ರೆಡ್ಡು ತಿನ್ನುವ ಮಕ್ಕಳ ನಡುವೆ ರೊಟ್ಟಿಯ ಬುತ್ತಿ ಬಿಚ್ಚಲು ಹಿಂಜರಿದು ಮರೆಯಲ್ಲಿ ಕುಳಿತು ತಿಂದ ನೆನಪು ಆ ಸಮುದಾಯದ ಹಿರಿಯರಲ್ಲಿ ವ್ಯಾಪಕವಾಗಿದೆ. ಹೊಟ್ಟೆ ತುಂಬಿಸುವ ಅನ್ನದ ಬಗ್ಗೆ ಮಗುವಿಗೆ ನಾಚಿಕೆ ಹುಟ್ಟಿಸುವುದಕ್ಕಿಂತ ಕ್ರೂರವಾದದ್ದು ಸಮಾಜದಲ್ಲಿ ಹೆಚ್ಚಿಲ್ಲ ಎಂದು ನಾನು ನಂಬುತ್ತೇನೆ. ಜೋಳದ ರೊಟ್ಟಿ, ರಾಗಿಮುದ್ದೆಗಳ ವಿಷಯದಲ್ಲಿ ನಮ್ಮ ಪಟ್ಟಣಗಳ ಹಾಸ್ಟೆಲುಗಳೂ ಇದನ್ನು ಕಂಡಿವೆ.

ಈ ನಾಚಿಕೆಯನ್ನು ಮುರಿದದ್ದು ಭಾಷಣವಲ್ಲ, ವ್ಯಾಪಾರ. 1936ರಲ್ಲಿ ಪ್ರಿನ್ಸಸ್ ಟೌನಿನಲ್ಲಿ ಇಮಾಮುಲ್ ದೀನ್ ಮತ್ತು ಅವರ ಪತ್ನಿ ರಸುಲನ್ ಡಬಲ್ಸ್ ಎಂಬ ತಿನಿಸನ್ನು ಆರಂಭಿಸಿದರು ಎಂದು ದ್ವೀಪದವರು ಗುರುತಿಸುತ್ತಾರೆ. ಬಾರಾ ಎಂಬ, ಅರಿಸಿನ ಹಾಕಿ ಕರಿದ ಎರಡು ಮೆತ್ತನೆಯ ಪುಟ್ಟ ರೊಟ್ಟಿ, ನಡುವೆ ಕಡಲೆಕಾಳಿನ ಪಲ್ಯ. ಅದು ಬೆಳಗಿನ ಬೀದಿ ತಿಂಡಿ. ಮಧ್ಯಾಹ್ನದ ಊಟವಾಗಿ ರೊಟ್ಟಿ ಬೀದಿಗೆ ಬಂದದ್ದು 1940ರ ದಶಕದ ನಡುವಿನಲ್ಲಿ, ಸ್ಯಾನ್ ಫರ್ನಾಂಡೋ ಪಟ್ಟಣದಲ್ಲಿ. ಅಲ್ಲಿನ ಮುಕುರಾಪೋ ಬೀದಿಯಲ್ಲಿ ಹಮ್ಮಿಂಗ್‌ಬರ್ಡ್ ಎಂಬ ರೊಟ್ಟಿ ಅಂಗಡಿ ನಡೆಸಿದ ಸಕೀನಾ ಕರಾಮತ್ ಅವರು ಪಲ್ಯವನ್ನು ರೊಟ್ಟಿಯೊಳಗೇ ಸುತ್ತಿ ಮಾರುವುದನ್ನು ಚಾಲ್ತಿಗೆ ತಂದರು ಎಂಬುದು ಹೆಚ್ಚಾಗಿ ಒಪ್ಪಿತವಾದ ಮಾತು. ಕಾಲವೂ ಊರೂ ಇದಕ್ಕೆ ಕೂಡಿಬಂದವು. ಸ್ಯಾನ್ ಫರ್ನಾಂಡೋ ಕಬ್ಬಿನ ಸೀಮೆಗೂ ತೈಲದ ಸೀಮೆಗೂ ನಡುವಿನ ಪೇಟೆ. ಯುದ್ಧದ ಆ ವರ್ಷಗಳಲ್ಲಿ ಅಮೆರಿಕನ್ನರು ದ್ವೀಪದಲ್ಲಿ ಸೇನಾ ನೆಲೆಗಳನ್ನು ಕಟ್ಟುತ್ತಿದ್ದರು. ಮನೆಯಿಂದ ದೂರ, ಕೂಲಿಗೆ ದುಡಿಯುವವರು ಎಲ್ಲೆಡೆ ಹೆಚ್ಚಿದ್ದರು. ಅವರಿಗೆ ತಟ್ಟೆ ಬೇಡದ, ಕೈಯಲ್ಲಿ ಹಿಡಿದು ತಿನ್ನಬಹುದಾದ ಊಟ ಬೇಕಿತ್ತು.

ಇಲ್ಲಿ ದಾಲ್‌ಪುರಿಯ ಹಳೆಯ ಗುಣ ಹೊಸ ಕೆಲಸಕ್ಕೆ ಬಂದಿತು. ಸಾದಾ ರೊಟ್ಟಿಯಲ್ಲಿ ಗಸಿಯ ಪಲ್ಯ ಸುತ್ತಿದರೆ ಬೇಗ ನೆನೆದು ಬಾಯಿ ಬಿಡುತ್ತದೆ. ದಾಲ್‌ಪುರಿಯಲ್ಲಿ ಎರಡು ಪದರಗಳಿವೆ, ನಡುವೆ ಒಣ ಬೇಳೆಪುಡಿ ಇದೆ. ಒಳಪದರ ದಾಟಿದ ಗಸಿಯನ್ನು ಆ ಪುಡಿ ಹೀರಿಕೊಳ್ಳುತ್ತದೆ, ಹೊರಪದರ ಒಣಗಿಯೇ ಉಳಿಯುತ್ತದೆ. ಹಬ್ಬದ ರುಚಿಗೆಂದು ಇದ್ದ ಹೂರಣ ಹೀಗೆ ಕಟ್ಟಿಕೊಂಡು ಹೋಗುವ ಊಟದ ಬಲವಾಯಿತು. ತೆಳ್ಳಗೆ, ಹರಿಯದಂತೆ, ಅಂಚಿನವರೆಗೂ ಬೇಳೆ ಹರಡುವಂತೆ ಲಟ್ಟಿಸುವ ಮನೆಯ ಹೆಂಗಸರ ಕಟ್ಟುನಿಟ್ಟು ಇರದಿದ್ದರೆ ಅಂಗಡಿಯವರು ಸುತ್ತಿ ಕೊಡಲು ಏನೂ ಇರುತ್ತಿರಲಿಲ್ಲ. ಮಣೆಯ ಮೇಲೆ ರೊಟ್ಟಿ ಹಾಸಿ, ನಡುವೆ ಆಲೂಗಡ್ಡೆ ಕಡಲೆಕಾಳು, ಕುಂಬಳಕಾಯಿ, ಮಾವಿನಕಾಯಿ, ಇಲ್ಲವೇ ಕೋಳಿ, ಆಡು, ಸಿಗಡಿ ಹಾಕಿ, ನಾಲ್ಕೂ ಕಡೆಯಿಂದ ಮಡಚಿ ಕಾಗದದಲ್ಲಿ ಕಟ್ಟುತ್ತಾರೆ.

ಭೋಜಪುರದ ಮಳೆ ನಕ್ಷತ್ರಕ್ಕೆ ಸೇರಿದ್ದ ಈ ಅಡುಗೆ ಪೇಟೆಗೆ ಬಂದದ್ದರಲ್ಲಿ ಮುಸ್ಲಿಂ ಕುಟುಂಬಗಳ ಪಾಲು ದೊಡ್ಡದು. ಅದನ್ನು ದಿನದ ಊಟ ಮಾಡಿಕೊಂಡವರಲ್ಲಿ ಆಫ್ರಿಕನ್ ಮೂಲದವರು ಬಹಳ. 2011ರ ಜನಗಣತಿಯಂತೆ ಟ್ರಿನಿಡಾಡ್ ಮತ್ತು ಟೊಬೇಗೊದಲ್ಲಿ ಭಾರತೀಯ ಮೂಲದವರು ಶೇಕಡ 35.4, ಆಫ್ರಿಕನ್ ಮೂಲದವರು ಶೇಕಡ 34.2. ರಾಜಕೀಯದಲ್ಲಿ ಈ ಎರಡು ಸಮುದಾಯಗಳ ನಡುವೆ ಬಿರುಕು ಸಣ್ಣದಲ್ಲ, ರೊಟ್ಟಿ ಅದನ್ನು ಮುಚ್ಚಿಯೂ ಇಲ್ಲ. ಆದರೂ ಮಧ್ಯಾಹ್ನ ಹನ್ನೆರಡಕ್ಕೆ ರೊಟ್ಟಿ ಅಂಗಡಿಯ ಮುಂದೆ ನಿಲ್ಲುವ ಸಾಲು ಎಲ್ಲರದು. ಒಂದು ಕಾಲದಲ್ಲಿ ಇದೇ ರೊಟ್ಟಿಯನ್ನು ಮಕ್ಕಳು ಬಚ್ಚಿಟ್ಟು ತಿಂದಿದ್ದರು ಎಂಬುದನ್ನು ನೆನೆದರೆ ಈ ಬದಲಾವಣೆಯ ಅಳತೆ ತಿಳಿಯುತ್ತದೆ.

ಹರಿದು ತಿನ್ನುವ ಪರಾಠಾ

ದಾಲ್‌ಪುರಿಯ ಜೊತೆಗೇ ಹೇಳಬೇಕಾದದ್ದು ಅಲ್ಲಿನ ಪರಾಠಾ. ಹಿಟ್ಟನ್ನು ಲಟ್ಟಿಸಿ, ಬೆಣ್ಣೆ ಸವರಿ, ನಡುವಿನಿಂದ ಅಂಚಿಗೆ ಒಂದು ಸೀಳು ಕೊಟ್ಟು, ಶಂಕುವಿನಂತೆ ಸುರುಳಿ ಸುತ್ತಿ, ಮತ್ತೆ ಲಟ್ಟಿಸಿ ಬೇಯಿಸುತ್ತಾರೆ. ಬೆಂದ ಮೇಲೆ ತವಾದ ಮೇಲೆಯೇ ಎರಡು ದಬ್ಲಾಗಳಿಂದ ಹೊಡೆದು ಹೊಡೆದು ರೇಷ್ಮೆಯ ಚಿಂದಿಯಂತೆ ಬಿಡಿಸುತ್ತಾರೆ. ಹರಿದ ಅಂಗಿಯಂತೆ ಕಾಣುವುದರಿಂದ ಜನ ಅದನ್ನು ಬಸ್ ಅಪ್ ಶಟ್ ಎನ್ನುತ್ತಾರೆ. ಇದನ್ನು ಸುತ್ತಲಾಗದು, ತಟ್ಟೆಯಲ್ಲೋ ಎಲೆಯಲ್ಲೋ ಹಾಕಿಕೊಂಡು ಕೈಯಿಂದ ಪಲ್ಯ ಒತ್ತಿ ತಿನ್ನಬೇಕು. ಹಾಗಾಗಿ ಮದುವೆ, ಪೂಜೆಗಳ ಪಂಕ್ತಿಯಲ್ಲಿ ಇದಕ್ಕೇ ಆದ್ಯತೆ. ಹಿಂದೂ ಮದುವೆಯ ಹಿಂದಿನ ರಾತ್ರಿ ನೆಂಟರು, ನೆರೆಯವರು ಸೇರಿ ಅಡುಗೆ ಮಾಡುವ ಪದ್ಧತಿ ಅಲ್ಲಿ ಇನ್ನೂ ಇದೆ. ಬಡಿಸುವುದು ಸೊಹಾರಿ ಎಂಬ ಅಗಲವಾದ ಎಲೆಯಲ್ಲಿ. ಅದು ಅಮೆರಿಕ ಖಂಡದ್ದೇ ಗಿಡ, ಇವರು ಹೋಗಿ ಹುಡುಕಿಕೊಂಡದ್ದು.

ಬೇರೆ ವಸಾಹತುಗಳಲ್ಲಿ ಇದೇ ಕಥೆ ಬೇರೆ ತಿರುವು ಪಡೆದಿದೆ. ಗಯಾನಾದಲ್ಲಿ ಬಿಸಿ ಪರಾಠಾವನ್ನು ದಬ್ಲಾದಿಂದ ಹೊಡೆಯುವುದಿಲ್ಲ, ಎರಡು ಅಂಗೈಗಳ ನಡುವೆ ಚಪ್ಪಾಳೆಯಂತೆ ತಟ್ಟಿ ಬಿಡಿಸುತ್ತಾರೆ. ಮಾರಿಷಸ್ಸಿನಲ್ಲಿ ದಾಲ್‌ಪುರಿ ಚಿಕ್ಕದು, ಇನ್ನೂ ತೆಳ್ಳಗಿನದು. ಬೀದಿಯಲ್ಲಿ ಅದನ್ನು ಜೋಡಿಯಾಗಿ ಮಾರುತ್ತಾರೆ, ಒಳಗೆ ಅವರೆ ಜಾತಿಯ ದೊಡ್ಡ ಕಾಳಿನ ಗಸಿ, ಟೊಮೆಟೊ ಗೊಜ್ಜು, ಮೆಣಸಿನ ಚಟ್ನಿ. ಅಲ್ಲಿಯೂ ಕಡಲೆಬೇಳೆಯ ಜಾಗದಲ್ಲಿ ಇರುವುದು ಹಳದಿ ಬಟಾಣಿಯೇ. ಎರಡು ಮಹಾಸಾಗರಗಳಲ್ಲಿ ಒಂದೇ ಬದಲಾವಣೆ ಆಗಿರುವುದರಿಂದ, ಬೇಳೆಗಿಂತ ಪಾಕವೇ ಈ ರೊಟ್ಟಿಯ ತಿರುಳು ಎಂಬ ನನ್ನ ನಂಬಿಕೆ ಗಟ್ಟಿಯಾಗುತ್ತದೆ.

ಈಗಿನ ಸ್ಥಿತಿ

ಟ್ರಿನಿಡಾಡಿನ ಮನೆಗಳಲ್ಲಿ ಸಾದಾ ರೊಟ್ಟಿ ಇನ್ನೂ ಬೇಯುತ್ತದೆ. ದಾಲ್‌ಪುರಿ ಮಾತ್ರ ಹೆಚ್ಚು ಹೆಚ್ಚಾಗಿ ಅಂಗಡಿಯದಾಗುತ್ತಿದೆ. ಕಾರಣ ಸರಳ. ಬೇಳೆ ಬೇಯಿಸಿ, ಆರಿಸಿ, ಪುಡಿ ಮಾಡಿ, ತುಂಬಿ, ಲಟ್ಟಿಸಲು ಅರ್ಧ ದಿನ ಬೇಕು. ಕಚೇರಿಗೆ ಹೋಗುವ ಮಗಳಿಗೆ ಆ ಅರ್ಧ ದಿನವಿಲ್ಲ. ಅವಳ ಮೇಲೆ ಸಂಪ್ರದಾಯದ ಹೆಸರಿನಲ್ಲಿ ಆ ಹೊರೆ ಹೊರಿಸುವುದು ನ್ಯಾಯವೂ ಅಲ್ಲ. ಅಂಗಡಿಗಳಲ್ಲಿ ನಸುಕಿಗೇ ಬಂದು ನಿಂತು ಲಟ್ಟಿಸುವವರು ಬಹುಪಾಲು ಹೆಂಗಸರೇ. ವ್ಯತ್ಯಾಸವೆಂದರೆ ಈಗ ಅದಕ್ಕೆ ಕೂಲಿ ಇದೆ. ಆ ಕೂಲಿ ಸಾಕಷ್ಟಿದೆಯೇ ಎಂಬ ಪ್ರಶ್ನೆ, ರೊಟ್ಟಿಯ ಭವಿಷ್ಯದ ಬಗ್ಗೆ ಹೇಳುವ ಯಾವ ಮಾತಿಗಿಂತಲೂ ಮೊದಲು ಬರಬೇಕು. 2022ರಲ್ಲಿ ಜಗತ್ತಿನಾದ್ಯಂತ ಗೋಧಿ ದುಬಾರಿಯಾದಾಗ ಟ್ರಿನಿಡಾಡಿನಲ್ಲೂ ಹಿಟ್ಟಿನ ಬೆಲೆ ಏರಿ, ರೊಟ್ಟಿ ಮತ್ತು ಡಬಲ್ಸ್ ಬೆಲೆಯ ಬಗ್ಗೆ ದೇಶವೇ ಮಾತಾಡಿತು. ಗೋಧಿ ಬೆಳೆಯದ ದೇಶ ಗೋಧಿಯ ರೊಟ್ಟಿಯನ್ನು ತನ್ನದು ಮಾಡಿಕೊಂಡದ್ದಕ್ಕೆ ತೆರಬೇಕಾದ ಬೆಲೆ ಅದು.

ಇತ್ತ ಟ್ರಿನಿಡಾಡಿಗರು, ಗಯಾನಾದವರು ಮತ್ತೊಮ್ಮೆ ವಲಸೆ ಹೋಗಿ ಟೊರಾಂಟೊದಲ್ಲೂ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ರಿಚ್ಮಂಡ್ ಹಿಲ್‌ನಲ್ಲೂ ರೊಟ್ಟಿ ಅಂಗಡಿ ತೆರೆದಿದ್ದಾರೆ. ಹಳದಿ ಬಟಾಣಿಯನ್ನು ಅತಿ ಹೆಚ್ಚು ರಫ್ತು ಮಾಡುವ ದೇಶಗಳಲ್ಲಿ ಕೆನಡಾ ಮುಂದಿದೆ. ಆದ್ದರಿಂದ ಟೊರಾಂಟೊದಲ್ಲಿ ಬೇಳೆಗೆ ಬರವಿಲ್ಲ, ಶೀತಲೀಕರಿಸಿದ ದಾಲ್‌ಪುರಿಯ ಕಟ್ಟುಗಳೂ ಅಂಗಡಿಗಳಲ್ಲಿ ಸಿಗುತ್ತವೆ. ಆ ಊರುಗಳಲ್ಲಿ ನೆಲೆಸಿರುವ ಕನ್ನಡಿಗರು ಕಟ್ಟಿನದಕ್ಕೆ ಹೋಗದೆ, ತವಾ ಕಾಯುತ್ತಿರುವ ಅಂಗಡಿಗೇ ಹೋಗಿ ತಿನ್ನಬೇಕೆಂದು ನನ್ನ ಆಸೆ. ತಿನ್ನುವಾಗ ರೊಟ್ಟಿಯ ಅಂಚನ್ನು ಮುರಿದು ನೋಡಬೇಕು. ಎರಡು ಪದರ ಸಲೀಸಾಗಿ ಬೇರೆಯಾಗಬೇಕು, ನಡುವೆ ಹಳದಿ ಪುಡಿ ಅಂಟಿಲ್ಲದೆ ಉದುರಬೇಕು, ತೀರಾ ತುದಿಯವರೆಗೂ ಅದು ತಲುಪಿರಬೇಕು. ನಡುವಿನಲ್ಲಿ ಮಾತ್ರ ಬೇಳೆ ಇದ್ದು ಅಂಚು ಬರೀ ಹಿಟ್ಟಾಗಿದ್ದರೆ ಲಟ್ಟಿಸಿದವರು ಅವಸರ ಮಾಡಿದ್ದಾರೆ, ಅಥವಾ ಅವರಿಗೆ ಅವಸರ ಮಾಡಿಸಿದ್ದಾರೆ.